ಸ್ಕೆಲ್ಬರಿ ತಂಡದ ಅತ್ಯುತ್ತಮ ಆರು ಪಂದ್ಯ

ನನ್ನ ಗಂಡ ಟ್ರೆವರ್‌ನನ್ನು ಸ್ಕೆಲ್ಬರಿ ಟೌನ್ ಫುಟ್‌ಬಾಲ್ ತಂಡದ ಕೋಚ್ ಕೆಲಸದಿಂದ ಕಿತ್ತುಹಾಕಬೇಕು ಅಂತ ಸಮಿತಿ ಸಭೆ ಕರೆದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಂಬಳವಿಲ್ಲದ ಕೆಲಸ ಅದು. ಆಲಿಕಲ್ಲು ಬೀಳಲಿ, ಕೆಸರು ಮೊಣಕಾಲಿಗೇರಲಿ, ಶನಿವಾರ ಬಂತೆಂದರೆ ಮೈದಾನದ ಗೆರೆಯಾಚೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ. ಅದೊಂದನ್ನು ಕಿತ್ತುಕೊಂಡರೆ ಅವನಿಗೆ ಬದುಕಲ್ಲಿ ಇನ್ನೇನಿದೆ? ತಂಡ ಲೀಗ್‌ನ ತಳದಲ್ಲಿದೆ, ಒಪ್ಪಿದೆ. ಅಷ್ಟಕ್ಕೇ?

"ಅತ್ತೆ, ನೀವು ರೇಗಬೇಡಿ, ನನಗೆ ಬಿಡಿ," ಅಂದ ಅಳಿಯ ಡೆಕ್ಲನ್. ವಿಮಾ ಕಂಪನಿಯಲ್ಲಿ ಕೂತು ಯಾರು ಎಷ್ಟು ವರ್ಷ ಬದುಕಬಹುದು ಅಂತ ಲೆಕ್ಕ ಹಾಕುವವನು. "ಇಡೀ ಸೀಸನ್ನಿನ ಸರಾಸರಿ ನೋಡಿದ್ರೆ ಮಾವನ ಮಾನ ಹೋಗತ್ತೆ. ಬೆನ್ನುಬೆನ್ನಿಗೆ ಆಡಿದ ಆರಾರು ಪಂದ್ಯ ತಗೊಳ್ಳೋಣ. ಎದುರಾಳಿ ಎಷ್ಟು ಗಟ್ಟಿ ಅನ್ನೋದನ್ನೂ ಸೇರಿಸೋಣ. ಆಗ ಯಾವ ತಂಡ ಎಷ್ಟು ಎತ್ತರಕ್ಕೆ ಹೋಗಬಲ್ಲದು ಅಂತ ಕಾಣತ್ತೆ."

"ಅಂದ್ರೆ ಚೆನ್ನಾಗಿರೋದನ್ನ ಮಾತ್ರ ಹೆಕ್ಕಿ ತೋರಿಸೋದು."

"ಅದಕ್ಕೆ ಸಂಖ್ಯಾಶಾಸ್ತ್ರ ಅಂತಾರೆ, ಅತ್ತೆ."

ಕ್ಲಬ್ಬಿನ ಬಾರ್‌ನಲ್ಲಿ ಸಭೆ ಸೇರಿತು. ಡೆಕ್ಲನ್ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ರೇಖಾನಕ್ಷೆ ಮೂಡಿಸಿದ. ಎಲ್ಲ ತಂಡಗಳ ಗೆರೆಗಳೂ ಏರಿಳಿಯುತ್ತಿದ್ದವು. ಎಲ್ಲಕ್ಕಿಂತ ಮೇಲೆ ಎದ್ದು ನಿಂತ ಶಿಖರ ಯಾರದು? ನಮ್ಮದು! ನನಗೆ ಕುಣಿಯೋಣ ಅನ್ನಿಸಿತು. ಟ್ರೆವರ್ ಮೀಸೆ ಸವರಿಕೊಂಡ. ಅಧ್ಯಕ್ಷ ಹಾರ್ಗ್ರೀವ್ಸ್, ಮಾಂಸದಂಗಡಿಯವನು, ಬಿಯರ್ ಲೋಟ ಕೆಳಗಿಟ್ಟ.

"ಅಬ್ಬಾ! ಇದು ಯಾವಾಗಪ್ಪಾ?"

"ಹೋದ ವರ್ಷ ನವೆಂಬರ್‌ನಿಂದ ಕ್ರಿಸ್‌ಮಸ್‌ವರೆಗೆ," ಅಂದ ಡೆಕ್ಲನ್ ಎದೆಯುಬ್ಬಿಸಿ.

ಅಯ್ಯೋ ಪೆದ್ದ! ಟ್ರೆವರ್‌ಗೆ ಗಂಟಲಿನ ಆಪರೇಶನ್ ಆಗಿ, ಡಾಕ್ಟರು ಒಂದಕ್ಷರ ಆಡಕೂಡದು ಅಂದಿದ್ದ ದಿನಗಳು ಅವು. ತಂಡ ಆರಿಸಿ, ಹೆಸರು ಬರೆದುಕೊಟ್ಟು, ಮಫ್ಲರ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿರುತ್ತಿದ್ದ. ಹಾರ್ಗ್ರೀವ್ಸ್‌ಗೂ ಅದು ನೆನಪಾಗಿಬಿಟ್ಟಿತು. ಹೊಟ್ಟೆ ಕುಲುಕಿಸಿ ನಗತೊಡಗಿದ.

"ಇವನು ಕೂಗದೇ ಇದ್ರೆ ನಾವೇ ಚಾಂಪಿಯನ್ನರು ಅಂತಾಯ್ತು! ಹಾಗಿದ್ರೆ ಮನೇಲೇ ಇರಲಿ ಬಿಡಿ."

"ರೀ ಹಾರ್ಗ್ರೀವ್ಸ್, ನಗೋದು ಸಾಕು," ಅಂದೆ. "ಏಪ್ರಿಲ್‌ನಲ್ಲಿ ನಾನೂ ಟ್ರೆವರೂ ಸ್ಪೇನ್‌ಗೆ ಹೋಗಿದ್ವಲ್ಲ, ತಂಡ ಆರಿಸೋಕೆ ಇವನಿರಲಿಲ್ಲ, ಆಗ ಏನಾಯ್ತು? ತೋರಿಸೋ ಡೆಕ್ಲನ್."

ಡೆಕ್ಲನ್ ಬೆವರುತ್ತಾ ತೋರಿಸಿದ. ನಮ್ಮ ಗೆರೆ ಪಾತಾಳ ಕಂಡಿತ್ತು. ಇಡೀ ಲೀಗ್‌ನಲ್ಲೇ ಅಷ್ಟು ಕೆಳಗೆ ಯಾರೂ ಬಿದ್ದಿರಲಿಲ್ಲ. ಸಮಿತಿಯವರು ಕೊನೆಗೆ ಕೈಯೆತ್ತಿ ತೀರ್ಮಾನಿಸಿದರು: ಟ್ರೆವರ್ ಇರಬೇಕು, ಬಾಯಿ ಮಾತ್ರ ಬಿಡಕೂಡದು.

ಮುಂದಿನ ಶನಿವಾರ ಅವನು ಬೆಂಚಿನ ಮೇಲೆ ಕೈಕಟ್ಟಿ ಕೂತ. ನಮ್ಮ ತಂಡದಲ್ಲಿ ಎಡಗಡೆ ಆಡುವ ಹುಡುಗ ತನ್ನ ಜಾಗ ಬಿಟ್ಟು ಅಲೆಯುತ್ತಿದ್ದ. ಟ್ರೆವರ್ ಮುಖ ಬೀಟ್‌ರೂಟ್ ಆಯಿತು. ಒಮ್ಮೆ ಎದ್ದೇಬಿಟ್ಟ. ಕೂತವರೆಲ್ಲ ತಿರುಗಿ ನೋಡಿದರು. ಪಾಪ, ಬಾಯಿ ಮುಚ್ಚಿಕೊಂಡು ಕೂತ. ಎರಡು ಗೋಲಿನಿಂದ ಗೆದ್ದೆವು.

ಮನೆಗೆ ಬಂದವನು ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಕುಕ್ಕರಿಸಿದ. "ಇಷ್ಟು ವರ್ಷ ನಾನು ಕೂಗಿದ್ದೆಲ್ಲ ದಂಡವೇನೇ?" ಅಂದ.

ಯಾರಿಗಾದರೂ ಸರಿ, ತಿರುಗೇಟು ಕೊಡೋಕೆ ನನಗೆ ಕ್ಷಣ ಸಾಕು. ಅವತ್ತು ಮಾತ್ರ ಕೆಟ್ಲು ತುಂಬಿಸಿಕೊಂಡು ಚಹಾಕ್ಕೆ ನೀರಿಡಲು ಒಲೆಯ ಕಡೆ ಹೋದೆ.

"ಎಡಗಡೆ!" ಅಂತ ಅವನು ಬೆನ್ನ ಹಿಂದಿನಿಂದ ಅಬ್ಬರಿಸಿದ. "ಎಡಗಡೆ ಒಲೆ ಖಾಲಿ ಇದೆಯಲ್ಲೇ! ಅಲ್ಲಿ ಯಾರನ್ನ ಕಾಯ್ತಾ ನಿಂತಿದ್ದೀಯ? ಹೋಗು, ಹೋಗು, ಹೋಗು!"

ಬೇರೆ ದಿನವಾಗಿದ್ದರೆ ಕೆಟ್ಲು ಅವನ ತಲೆಯ ಮೇಲಿರುತ್ತಿತ್ತು. ತುಟಿಪಿಟಕ್ಕೆನ್ನದೆ ಎಡಗಡೆಯ ಒಲೆಯ ಮೇಲೆ ಇಟ್ಟೆ.