ಅಕ್ಕನ ಎಡಗೈ

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂಬ ಅಳುಕಿನಲ್ಲೇ ಬರೆಯುತ್ತಿದ್ದೇನೆ, ಓದುವವರು ಕ್ಷಮಿಸಬೇಕು. ಹಗಲು ಚಪ್ಪಲಿ ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ಜೀವಶಾಸ್ತ್ರ ಕಲಿತವಳು ನಾನು. ಅರೆಬರೆ ತಿಳಿದವಳ ಮಾತಿಗೆ ಎಷ್ಟು ತೂಕವೋ ಅಷ್ಟೇ ಕೊಡಿ.

ನನ್ನ ಅಕ್ಕ ಬೇಕರಿಯಲ್ಲಿ ಹಿಟ್ಟು ನಾದುತ್ತಾಳೆ. ಅವಳ ಎರಡೂ ಕೈಗಳ ಬೆರಳುಗಳ ಮೇಲೆ ನರಹುಲಿ ಎದ್ದವು. ಡಾಕ್ಟರು ಸುಟ್ಟರು, ಮುಲಾಮು ಕೊಟ್ಟರು. ಹೋದವು, ನೆಂಟರನ್ನೂ ಕಟ್ಟಿಕೊಂಡು ಮರಳಿ ಬಂದವು. ಮಾಲೀಕರು ಅವಳನ್ನು ಹಿಟ್ಟಿನ ಮೇಜಿನಿಂದ ಎಬ್ಬಿಸಿ ತಟ್ಟೆ ತೊಳೆಯಲು ನಿಲ್ಲಿಸಿದರು. "ತಿಂಗಳ ಕೊನೇವರೆಗೂ ನೋಡ್ತೀನಮ್ಮಾ. ಆಮೇಲೆ ಬೇರೆಯವರನ್ನ ತಗೋಬೇಕಾಗುತ್ತೆ."

ಆಗ ಅಕ್ಕ ಹೊರಟಿದ್ದು ನಮ್ಮ ಸೋದರತ್ತೆಯ ಬಳಿಗೆ. ಕುಳ್ಳಗೆ, ಚುರುಕಾಗಿರುವ ಅವರನ್ನು ಮನೆಮಂದಿಯೆಲ್ಲ ಗುಬ್ಬಿ ಅತ್ತೆ ಎನ್ನುತ್ತೇವೆ. ಅವರು ಆಲೂಗಡ್ಡೆ ಹೋಳಿನಿಂದ ನರಹುಲಿ ಉಜ್ಜಿ, ಏನೋ ಮಣಮಣ ಹೇಳಿ, ಹೋಳನ್ನು ಹೂಕುಂಡದಲ್ಲಿ ಹೂಳುತ್ತಾರೆ. ಅದು ಕೊಳೆತಂತೆ ಇದೂ ಉದುರುತ್ತದೆಯಂತೆ. ಕಟ್ಟಳೆ ಒಂದೇ: ಅಲ್ಲಿಯವರೆಗೆ ಯಾರೂ ನರಹುಲಿಯನ್ನು ನೋಡಬಾರದು, ಮುಟ್ಟಬಾರದು. ಅದಕ್ಕೇ ಬೆರಳಿಗೆ ಬಟ್ಟೆ ಸುತ್ತುತ್ತಾರೆ.

ಇದು ನಿಜವೇ ಎಂದು ಸಂಜೆ ತರಗತಿಯ ನಮ್ಮ ಮೇಷ್ಟರನ್ನು ಕೇಳಿದೆ. ಅವರು ನಗಲಿಲ್ಲ. "ಒಂದು ಕೈಗೆ ಮಾತ್ರ ಮಾಡಿಸಿ, ಇನ್ನೊಂದನ್ನ ಹಾಗೇ ಬಿಡಿ. ಹೋಲಿಸಿ ನೋಡೋಣ."

ಅತ್ತೆಯ ಮನೆಗೆ ಅಕ್ಕನ ಜೊತೆ ನಾನೂ ಹೋದೆ. "ಅತ್ತೇ, ಬಲಗೈಗೆ ಮಾತ್ರ ಮಾಡ್ತೀರಾ? ಪರೀಕ್ಷೆಗೆ..."

"ಪರೀಕ್ಷೆ ನನಗೋ, ಆಲೂಗಡ್ಡೆಗೋ?"

"ಇಬ್ಬರಿಗೂ."

"ಮಾಡೇ ತಾಯಿ! ಇದು ಹೆಂಗೆ ವಾಸಿಯಾಗುತ್ತೆ ಅಂತ ನನ್ನ ತಲೇನೂ ಕೊರೀತಾನೇ ಇದೆ. ಗೊತ್ತಾದ್ರೆ ನನಗೂ ಹೇಳು."

"ಹೊಟ್ಟೆಪಾಡು ನಂದು, ಆಟ ನಿಮ್ಮಿಬ್ಬರದು," ಎಂದು ಅಕ್ಕ ಸಿಡುಕುತ್ತಲೇ ಬಲಗೈ ಚಾಚಿದಳು.

ಆ ಕೈಗೆ ಬಟ್ಟೆ ಬಂತು, ತಟ್ಟೆ ತೊಳೆಯುವಾಗ ಮೇಲೊಂದು ರಬ್ಬರ್ ಗ್ಲೌಸ್. ಎಡಗೈಯನ್ನು ನಾನು ಕಳ್ಳಬೆಕ್ಕಿನಂತೆ ಗಮನಿಸಿದೆ. ನೀರು ಕುದಿಯಲು ಕಾಯುವಾಗ, ಮಾತಾಡುವಾಗ, ಅದರ ಹೆಬ್ಬೆರಳ ಉಗುರು ಪಕ್ಕದ ಬೆರಳುಗಳನ್ನು ಕೆರೆಯುತ್ತಲೇ ಇತ್ತು.

"ನರಹುಲಿ ಬರೋದು ವೈರಸ್ಸಿಂದ, ಕೆರೆದಷ್ಟೂ ಹರಡುತ್ತೆ," ಎಂದರು ಮೇಷ್ಟರು, ನಾನು ಕಂಡಿದ್ದನ್ನು ಹೇಳಿದಾಗ. "ನಿಮ್ಮ ಅತ್ತೆಯ ಕಟ್ಟಳೆ ಕೆರೆಯೋದನ್ನೇ ನಿಲ್ಲಿಸುತ್ತೆ. ಭೇಷ್!"

ನನಗೆ ಅಂದು ಕಾಲು ನೆಲದ ಮೇಲಿರಲಿಲ್ಲ. ಆದರೆ ಮನೆಗೆ ಬಂದರೆ ಅಕ್ಕ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಎಡಗೈಯಲ್ಲಿ ಹೊಸದೊಂದು ಎದ್ದಿತ್ತು. "ನಿನ್ನ ಓದಿಗೆ ಕೈ ಕೊಟ್ಟೆ. ಕೆಲಸಾನೂ ಕೊಡಬೇಕೇನೇ?"

ತಿಂಗಳು ಮುಗಿಯುವವರೆಗೆ ಕಾದಿದ್ದರೆ ಹೋಲಿಕೆ ಸಿಗುತ್ತಿತ್ತು. ಕಾಯಲಾಗಲಿಲ್ಲ. ಎಡಗೈಗೂ ಮಾಡಿಸಲೆಂದು ಆಲೂಗಡ್ಡೆ ನಾನೇ ಹೆಚ್ಚಿಕೊಂಡು ಅಕ್ಕನನ್ನು ಅತ್ತೆಯ ಮನೆಗೆ ಎಳೆದುಕೊಂಡು ಹೋದೆ.

"ಪರೀಕ್ಷೆ ಕೆಟ್ಟುಹೋಗುತ್ತಲ್ಲೇ?" ಎಂದರು ಅತ್ತೆ. ನನಗಿಂತ ಅವರಿಗೇ ಹೆಚ್ಚು ನಿರಾಸೆಯಾದಂತಿತ್ತು.

"ಕೆಡಲಿ ಬಿಡಿ ಅತ್ತೆ."

ತಿಂಗಳ ಕೊನೆಗೆ ಬಟ್ಟೆ ಬಿಚ್ಚಿದಾಗ ಎರಡೂ ಕೈ ನುಣುಪಾಗಿದ್ದವು. ಮಾಲೀಕರು ಬೆರಳುಗಳನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಅಕ್ಕನನ್ನು ಹಿಟ್ಟಿನ ಮೇಜಿಗೆ ಕಳಿಸಿದರು.

"ಗೊತ್ತಾಯ್ತೇನೇ?" ಎಂದು ಅತ್ತೆ ಆಸೆಯಿಂದ ಕೇಳಿದರು. ಹರಡದೆ ನಿಂತಿದ್ದು ಯಾಕೆಂದು ಹೇಳಿದೆ. ಅವರು ಕಣ್ಣರಳಿಸಿ, ಎರಡು ಸಲ ಹೇಳಿಸಿಕೊಂಡು ಕೇಳಿದರು. ಅಂಥ ವಿದ್ಯಾರ್ಥಿ ನಮ್ಮ ತರಗತಿಯಲ್ಲಿಲ್ಲ. ಆದರೆ ಮೊದಲೇ ಇದ್ದವು ಉದುರಿದ್ದು ಹೇಗೆ? ಕೆಲವು ಸಲ ದೇಹವೇ ಹೊರಹಾಕುತ್ತದೆ ಎನ್ನುತ್ತಾರೆ ಮೇಷ್ಟರು. ಆಗಲೇ ಯಾಕೆ ಹೊರಹಾಕಿತು, ಹಾಗೇ ಬಿಟ್ಟಿದ್ದರೆ ಎಡಗೈ ಏನಾಗುತ್ತಿತ್ತು, ನನಗೆ ಗೊತ್ತಿಲ್ಲ.