ಗಾಡಿಯ ಬೆನ್ನ ಮೇಲಿನ ಹೆಸರು

ಎರಡನೆಯ ಸಲ ಮದುವೆಯಾಗುವವರಿಗೆ ಊರಿನವರು ಎಷ್ಟು ಬುದ್ಧಿ ಹೇಳುತ್ತಾರೆಂದರೆ, ಎಲ್ಲ ಕೇಳಿ ಮುಗಿಯುವಷ್ಟರಲ್ಲಿ ಮದುವೆಯೇ ಬೇಡ ಅನ್ನಿಸಿಬಿಡಬೇಕು. ಆಸ್ಟ್ರೇಲಿಯಾದ ಹಾರ್ಷಮ್ ಊರಿನ ಗ್ಲೆನಿಸ್‌ಗೂ ಎಲ್ಲರೂ ಹೇಳಿದರು. ಅಕ್ಕ ಮೇವಿಸ್ ಹೇಳಿದಳು, ಚರ್ಚಿನ ಹೆಂಗಸರು ಹೇಳಿದರು, ಶಾಲೆಯ ಕ್ಯಾಂಟೀನಿನಲ್ಲಿ ಅವಳ ಜೊತೆ ವರ್ಷಾನುಗಟ್ಟಲೆ ಸ್ಯಾಂಡ್‌ವಿಚ್ ಕಟ್ಟಿದವರೂ ಹೇಳಿದರು. ಗೊರಕೆ, ಗಂಡನ ದೊಡ್ಡ ಮಕ್ಕಳು, ನಾಳೆ ಸಮಾಧಿಯಲ್ಲಿ ಯಾರ ಪಕ್ಕ ಯಾರು ಮಲಗುವುದು, ಯಾವುದನ್ನೂ ಬಿಡಲಿಲ್ಲ. ಗಾಡಿಯ ಹಿಂಬದಿಯ ಬಗ್ಗೆ ಮಾತ್ರ ಒಬ್ಬರೂ ತುಟಿ ಬಿಚ್ಚಲಿಲ್ಲ.

ಅವಳ ಹೊಸ ಗಂಡ ರಾಸ್‌ನ ಗಾಡಿಯೆಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾರವಾನ್. ಮಂಚ, ಒಲೆ, ಪುಟ್ಟ ಫ್ರಿಜ್ಜು ಎಲ್ಲ ಇರುವ ಚಕ್ರದ ಮನೆ. ಕೆಲಸದಿಂದ ನಿವೃತ್ತರಾಗಿ ದೇಶ ಸುತ್ತಲು ಹೊರಡುವ ಗಂಡಹೆಂಡಿರು ಇಂಥ ಗಾಡಿಯ ಬೆನ್ನ ಮೇಲೆ ತಮ್ಮಿಬ್ಬರ ಹೆಸರು, ಕಾರಿನಿಂದ ಕಾರಿಗೆ ಮಾತಾಡುವ ರೇಡಿಯೋದ ಚಾನೆಲ್ ನಂಬರು ಬರೆಸಿಕೊಳ್ಳುತ್ತಾರೆ. ಹಿಂದೆ ಬರುವವರು ಅದನ್ನು ಓದಿ, ಮೈಕು ಎತ್ತಿಕೊಂಡು ಹೆಸರು ಹಿಡಿದು ಕರೆದು ಹರಟೆ ಹೊಡೆಯಲಿ ಅಂತ. ರಾಸ್‌ನ ಗಾಡಿಯ ಮೇಲೂ ಎರಡು ಪೆಲಿಕನ್ ಹಕ್ಕಿಗಳ ಚಿತ್ರವಿತ್ತು. ಅದರ ಕೆಳಗೆ ನೀಲಿ ಅಕ್ಷರದಲ್ಲಿ ‘ರಾಸ್ ಮತ್ತು ನೋಲೀನ್, ಚಾನೆಲ್ ೧೮’ ಎಂದಿತ್ತು. ನೋಲೀನ್ ಅವನ ಮೊದಲ ಹೆಂಡತಿ. ತೀರಿಕೊಂಡು ಎರಡು ವರ್ಷವಾಗಿತ್ತು.

ಹೊರಡುವ ಹಿಂದಿನ ದಿನ ರಾಸ್ ಚಾಕು ಹಿಡಿದುಕೊಂಡು ಗಾಡಿಯ ಹಿಂದೆ ನಿಂತಿದ್ದ.

“ಕೆರೆದು ಬಿಡ್ಲಾ ಗ್ಲೆನ್?”

“ಇರ್ಲಿ ಬಿಡು. ಈಗೇನು ಅವಸರ,” ಅಂದಳು ಗ್ಲೆನಿಸ್.

ಹೆಂಗಸು ಹಾಗೆ ಅಂದಾಗ ಗಂಡಸಾದವನು ಇನ್ನೊಂದು ಸಲ ಕೇಳಬೇಕು. ರಾಸ್ ಕೇಳಲಿಲ್ಲ. ಅವನು ಜೀವಮಾನವಿಡೀ ಗೋಧಿ ಲಾರಿಗಳ ತೂಕ ನೋಡಿದವನು. ಕಾಟಾ ಎಷ್ಟು ತೋರಿಸಿತೋ ಅಷ್ಟೇ ತೂಕ, ಬಾಯಿ ಏನು ಹೇಳಿತೋ ಅದೇ ಮಾತು. ಚಾಕು ಮಡಚಿ ಜೇಬಿಗೆ ಹಾಕಿಕೊಂಡು, ಭಾರ ಇಳಿದವನ ಮುಖದಲ್ಲಿ ಚಹಾ ಕುಡಿಯಲು ಒಳಗೆ ಬಂದ. ಆ ಮುಖ ಗ್ಲೆನಿಸ್‌ಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮೊದಲ ಕೆಲವು ದಿನ ಅವಳು ಗಾಡಿಯೊಳಗೆ ಸಂಸಾರ ಹೂಡಲು ನೋಡಿದಳು. ಸಂಸಾರ ಆಗಲೇ ಹೂಡಿಯಾಗಿತ್ತು. ಕುಲುಕಾಟಕ್ಕೆ ಒಡೆಯದಿರಲೆಂದು ಗಾಜಿನ ಲೋಟಗಳಿಗೆಲ್ಲ ಒಂದೊಂದು ಹಳೆಯ ಕಾಲುಚೀಲ ತೊಡಿಸಿತ್ತು. ಕತ್ತರಿಗೊಂದು ಮೊಳೆ, ಬೆಂಕಿಪೊಟ್ಟಣಕ್ಕೊಂದು ಗೂಡು, ಎಲ್ಲದಕ್ಕೂ ಜಾಗ ಗೊತ್ತಾಗಿತ್ತು. ಗ್ಲೆನಿಸ್ ಹಟ ಮಾಡಿ ಚಹಾಪುಡಿಯ ಡಬ್ಬಿಯೊಂದನ್ನು ಕಿಟಕಿ ಪಕ್ಕದ ಗೂಡಿನಲ್ಲಿಟ್ಟಳು. ಮೊದಲ ತಿರುವಿನಲ್ಲೇ ಅದು ಉರುಳಿ, ಹಾಸಿಗೆಯ ಮೇಲೆಲ್ಲ ಪುಡಿ ಚೆಲ್ಲಿತು.

“ಅದು ಒಲೆ ಕೆಳಗೇ ಇರ್ಬೇಕು ಕಣೇ,” ರಾಸ್ ಮಂಡಿಯೂರಿ ಗುಡಿಸುತ್ತಾ ಸಮಾಧಾನ ಮಾಡಿದ. “ಬೇಜಾರು ಮಾಡ್ಕೋಬೇಡ. ನೋಲೀನ್‌ಗೂ ಮೊದಲ ವರ್ಷ ಹೀಗೇ ಆಗಿತ್ತು.”

ಸಮಾಧಾನ ಮಾಡಲು ಬಂದವನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಅವನು ಕೆಟ್ಟವನಲ್ಲ. ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದು ಚಹಾ ಮಾಡಿ ಕೊಡುತ್ತಿದ್ದ. ಸಕ್ಕರೆ ಮಾತ್ರ ಒಂದು ಚಮಚ ಹೆಚ್ಚು. ಅದು ಯಾರ ಲೆಕ್ಕದ ಸಕ್ಕರೆ ಅಂತ ಅವಳು ಕೇಳಲಿಲ್ಲ, ಕುಡಿದಳು.

ಸೆಡೂನಾ ಊರಿನ ಕ್ಯಾರವಾನ್ ತಂಗುದಾಣಕ್ಕೆ ಬಂದಾಗ ಸಂಜೆಯಾಗಿತ್ತು. ಇಂಥ ಕಡೆ ಸಂಜೆಯ ಮನರಂಜನೆ ಒಂದೇ. ಮುಂಚೆ ಬಂದವರೆಲ್ಲ ಮಡಚುವ ಕುರ್ಚಿ ಹಾಕಿಕೊಂಡು, ಬಿಯರು ಹಿಡಿದು, ತಡವಾಗಿ ಬಂದವರು ಗಾಡಿಯನ್ನು ಹಿಂದಕ್ಕೆ ಓಡಿಸಿ ಜಾಗದಲ್ಲಿ ನಿಲ್ಲಿಸುವ ಪಾಡು ನೋಡುತ್ತಾ ಕೂರುತ್ತಾರೆ. ಗಂಡ ಓಡಿಸಬೇಕು, ಹೆಂಡತಿ ಹಿಂದೆ ನಿಂತು ಕೈ ತೋರಿಸಬೇಕು. ಎಷ್ಟೋ ಒಳ್ಳೆಯ ಸಂಸಾರಗಳು ಆ ಹತ್ತು ನಿಮಿಷದಲ್ಲಿ ಬಿರುಕು ಬಿಟ್ಟಿವೆ.

“ಬಲಕ್ಕೆ! ನನ್ನ ಬಲ ಅಲ್ಲ ರಾಸ್, ನಿನ್ನ ಬಲ!” ಗ್ಲೆನಿಸ್ ಕಿರುಚಿದಳು.

“ಕನ್ನಡೀಲಿ ಕಾಣೋ ಕಡೆ ನಿಂತ್ಕೊಳ್ಳೇ ಮಾರಾಯ್ತಿ! ನೀನೆಲ್ಲಿದೀಯೋ ನಂಗೆ ಕಾಣ್ತಾನೇ ಇಲ್ಲ!”

ಗಾಡಿ ಹೋಗಿ ನಲ್ಲಿಯ ಕಂಬಕ್ಕೆ ಬೆನ್ನು ತಾಗಿಸಿತು. ಕುರ್ಚಿಯ ಮೇಲಿದ್ದ ಒಬ್ಬ ಬೊಜ್ಜಿನ ಮುದುಕ ಗಾಡಿಯ ಬೆನ್ನು ಓದಿಕೊಂಡು ಕೂಗಿದ: “ಏ ನೋಲೀನ್! ಗಂಡನ್ನ ಕೆಳಗಿಳ್ಸಿ ನೀನೇ ಓಡ್ಸಮ್ಮಾ! ಅವನು ಕೈ ತೋರಿಸ್ಲಿ!”

ಎಲ್ಲರೂ ನಕ್ಕರು. ರಾಸ್ ಕಿಟಕಿಯಿಂದ ಕೈ ಬೀಸಿ ನಕ್ಕ. ಏನು ಮಾಡುವುದೆಂದು ತಿಳಿಯದೆ ಗ್ಲೆನಿಸ್ ಕೂಡ ನಕ್ಕಳು. ನಕ್ಕ ಮೇಲೆ ತಿದ್ದುವುದು ಸಾಧ್ಯವಿಲ್ಲ. ಅಲ್ಲಿದ್ದಷ್ಟು ಹೊತ್ತೂ ಬಟ್ಟೆ ಒಗೆಯುವ ಕೋಣೆಯಲ್ಲಿ, ಸ್ನಾನದ ಸಾಲಿನಲ್ಲಿ, ಎಲ್ಲರೂ ಅವಳನ್ನು ಪ್ರೀತಿಯಿಂದಲೇ “ನೋಲೀನ್” ಎಂದು ಕರೆದರು. ಮಾರನೆಯ ದಿನ ರಾಸ್ ಮೀನು ಹಿಡಿಯಲು ಹೋದಾಗ ಅವಳು ಗಾಡಿಯ ಹಿಂದೆ ಹೋಗಿ ‘ನೋ’ ಅಕ್ಷರದ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿದಳು. ಹಾಳೆ ಬಿಟ್ಟುಕೊಂಡು ಬಂತು. ಅದರಡಿಯಲ್ಲಿ, ಬಿಸಿಲು ತಾಗದ ಬಣ್ಣ ಹೊಸದರಂತೆ ಉಳಿದು, ಅದೇ ಅಕ್ಷರ ಬೆಳ್ಳಗೆ ಕಾಣುತ್ತಿತ್ತು. ಅವಳು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದಳು.

ಸೆಡೂನಾ ದಾಟಿದರೆ ನಲ್ಲರ್ಬೋರ್ ಬಯಲು. ಮರವಿಲ್ಲ, ಊರಿಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. ರಸ್ತೆ ಒಂದೇ ಸಮ ನೇರಕ್ಕೆ ಹೋಗುತ್ತದೆ. ಅಲ್ಲಿ ಮನುಷ್ಯನ ದನಿ ಬರುವುದು ರೇಡಿಯೋದಿಂದ ಮಾತ್ರ.

“ಏನ್ ರಾಸ್, ಏನ್ ನೋಲೀನ್! ನಿಮ್ಮ ಹಿಂದೇನೇ ಬರ್ತಿದೀನಿ,” ಎಂದಿತು ಒಂದು ಗಂಡು ದನಿ. “ಎಲ್ಲಿಗಪ್ಪಾ ಸವಾರಿ?”

ರಾಸ್ ಮೈಕು ತೆಗೆದುಕೊಂಡ. “ಎಸ್ಪೆರಾನ್ಸ್ ಕಡೆಗೆ.”

“ನೋಲೀನ್ ಹೇಗಿದಾಳೆ? ನಿನ್ನ ಡ್ರೈವಿಂಗಿಗೆ ನಿದ್ದೆ ಹೋಗಿದಾಳಾ ಹೆಂಗೆ?”

“ಚೆನ್ನಾಗಿದಾಳಪ್ಪ,” ಅಂದ ರಾಸ್. “ಕಿಟಕಿ ಹೊರಗೆ ನೋಡ್ತಾ ಕೂತಿದಾಳೆ.”

ಗ್ಲೆನಿಸ್ ಕಿಟಕಿಯ ಹೊರಗೆ ನೋಡುತ್ತಲೇ ಕೂತಿದ್ದಳು. ಆ ಗಾಡಿ ಅವರನ್ನು ದಾಟಿ, ಹಾರ್ನು ಹೊಡೆದು, ಮುಂದೆ ಸಣ್ಣದಾಗುವವರೆಗೆ ಕಾದಳು.

“ಅವನು ಕೇಳಿದ್ದು ನೋಲೀನ್‌ನ, ರಾಸ್.”

“ದಾರೀಲಿ ಸಿಕ್ಕಿದವನಿಗೆ ಕಥೆಯೆಲ್ಲ ಯಾಕೆ ಹೇಳೋದು? ಎರಡು ನಿಮಿಷದ ಮಾತು.”

“ಕಥೆ ಬೇಡ. ನನ್ನ ಹೆಸರು ಹೇಳ್ಬಹುದಿತ್ತಲ್ಲ?”

ರಾಸ್ ಸರಿಯಾಗಿಯೇ ಇದ್ದ ಕನ್ನಡಿಯನ್ನು ಸರಿಮಾಡಿದ. “ಮುಂದಿನ ಸಲ ಹೇಳ್ತೀನಿ,” ಅಂದ.

ಮುಂದಿನ ಸಲವೂ ಹೇಳಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಅವಳ ಮೊದಲ ಗಂಡ ಆರ್ಚಿ ಹೋದ ಮೇಲೆ ಗ್ಲೆನಿಸ್ ಎಷ್ಟೋ ವರ್ಷ ಖಾಲಿ ಮನೆಯಲ್ಲಿ ಒಬ್ಬಳೇ ಇದ್ದಳು. ಅಲ್ಲಿ ಒಂಟಿಯಾಗಿದ್ದದ್ದು ನಿಜ, ಆದರೆ ಒಂಟಿಯಾಗಿದ್ದವಳು ಗ್ಲೆನಿಸ್ ಎಂದು ಹಾಲಿನವನಿಗೂ ಗೊತ್ತಿತ್ತು. ಇಲ್ಲಿ ಪಕ್ಕದಲ್ಲೇ ಗಂಡ ಕೂತಿದ್ದಾನೆ, ಮೊಣಕೈಗೆ ಮೊಣಕೈ ತಾಗುತ್ತದೆ, ಅವಳೇ ಇಲ್ಲ. ಮನೆ ಬಿಟ್ಟುಕೊಟ್ಟು, ಬೆಕ್ಕನ್ನು ಅಕ್ಕನಿಗೆ ಒಪ್ಪಿಸಿ, ಇದಕ್ಕಾಗಿ ಬಂದೆನೇ ಎಂದು ಅಳು ಒತ್ತಿಕೊಂಡು ಬಂತು. ಅವಳು ಅಂದೇ ತೀರ್ಮಾನ ಮಾಡಿದಳು. ಬಯಲು ಮುಗಿದ ಮೇಲೆ ಸಿಗುವ ಊರು ನಾರ್ಸ್‌ಮನ್, ಅಲ್ಲಿಂದ ಬಸ್ಸು ಇದೆ. ಅಷ್ಟರೊಳಗೆ ರಾಸ್ ಒಂದೇ ಒಂದು ಸಲ ಆ ರೇಡಿಯೋದಲ್ಲಿ ತನ್ನ ಹೆಸರು ಹೇಳಬೇಕು. ಹೇಳದಿದ್ದರೆ ಇಳಿದು ಹೋಗುವುದು. ಬಟ್ಟೆಯ ಚೀಲ ತುಂಬಿ ಕಾಲ ಬಳಿ ಇಟ್ಟುಕೊಂಡಳು. ಚಳಿಗೆ ಸ್ವೆಟರು ಬೇಕಾಗುತ್ತದೆ ಅಂದಳು, ಅವನು ನಂಬಿದ.

ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಗಡಿಯಲ್ಲಿ ಹಸಿ ತರಕಾರಿ, ಹಣ್ಣು, ಜೇನು ಒಳಗೆ ಬಿಡುವುದಿಲ್ಲ. ಹಿಂದಿನ ಸಂಜೆ ಗ್ಲೆನಿಸ್ ಇದ್ದಬದ್ದ ಕ್ಯಾರೆಟ್ಟು, ಆಲೂಗಡ್ಡೆ ಎಲ್ಲ ಬೇಯಿಸಿಟ್ಟಳು. ಬೆಂದದ್ದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಕ್ಯಾಂಟೀನಿನಲ್ಲಿ ಏನನ್ನೂ ಎಸೆಯದೆ ಬದುಕಿದವಳ ಉಪಾಯ ಅದು, ಅವಳದೇ ಸ್ವಂತ.

ರಾಸ್ ಮುಚ್ಚಳ ತೆಗೆದು ನೋಡಿ ಖುಷಿಯಾದ. “ಭಲೇ! ನೋಲೀನ್ ಕೂಡ ಹೀಗೇ ಮಾಡ್ತಿದ್ಲು.”

ಅವಳು ತನ್ನ ಪಾಲಿನ ಮಾಂಸದ ಚಾಪ್ಸ್ ತಿನ್ನದೆ ಎದ್ದಳು.

ಗಡಿ ದಾಟಿದ ಮರುದಿನ ರಸ್ತೆಯ ಪಕ್ಕದ ತಂಗುವ ಜಾಗದಲ್ಲಿ ಅವರು ಗಾಡಿಯನ್ನು ಬೆನ್ನು ರಸ್ತೆಗೆ ಕಾಣುವಂತೆ ಅಡ್ಡ ನಿಲ್ಲಿಸಿದರು. ರಾಸ್ ಟೈರಿನ ಗಾಳಿ ನೋಡಲು ಇಳಿದ. ಗ್ಲೆನಿಸ್ ಕಾರಿನಲ್ಲೇ ಕೂತಿದ್ದಳು. ಎದುರಿನಿಂದ ಒಂದು ಗಾಡಿ ನಿಧಾನವಾಗಿ ಬಂದು, ನಿಲ್ಲುವುದೋ ಬೇಡವೋ ಎಂಬಂತೆ ಅನುಮಾನಿಸಿ, ಪೂರ್ವಕ್ಕೆ ಹೊರಟುಹೋಯಿತು. ಸ್ವಲ್ಪ ಹೊತ್ತಿಗೆ ರೇಡಿಯೋದಲ್ಲಿ ಒಬ್ಬ ಹೆಂಗಸಿನ ದನಿ ಬಂತು.

“ನೋಲೀನ್? ನೋಲೀನ್, ಕೇಳಿಸ್ತಿದೆಯೇನೇ? ನಾನು ವಿನ್. ಆಗ ಎಸ್ಪೆರಾನ್ಸ್ ತಂಗುದಾಣದಲ್ಲಿ ನಿಮ್ಮ ಪಕ್ಕದಲ್ಲೇ ಇದ್ವಲ್ಲ, ಕ್ಲೆಮ್ ಮತ್ತು ವಿನ್? ನಿಮ್ಮ ಪೆಲಿಕನ್ ಹಕ್ಕಿ ನೋಡಿ ಎದೆ ಧಸಕ್ ಅಂತು. ನಿಲ್ಲೋಕಾಗ್ಲಿಲ್ಲ. ನಿಲ್ಲಿಸಿದ್ರೆ ಮತ್ತೆ ಹೊರಡಿಸೋ ಧೈರ್ಯ ಇಲ್ಲ ನಂಗೆ.” ಸ್ವಲ್ಪ ತಡೆದು, “ಕ್ಲೆಮ್ ಹೋಗ್ಬಿಟ್ಟ ಕಣೇ. ಪರ್ತ್‌ನಲ್ಲಿ. ಗಾಡಿ ನಾನೊಬ್ಳೇ ಊರಿಗೆ ತಗೊಂಡು ಹೋಗ್ತಿದೀನಿ. ಏನಾದ್ರೂ ಮಾತಾಡೇ ನೋಲೀನ್.”

ಗ್ಲೆನಿಸ್ ಮೈಕು ಕೈಗೆತ್ತಿಕೊಂಡಳು. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಈ ರೇಡಿಯೋ ಕೆಲವೇ ಮೈಲಿ ಕೇಳುವುದು. ವಿನ್ ದೂರ ಹೋಗುತ್ತಲೇ ಇದ್ದಾಳೆ, ಹತ್ತು ನಿಮಿಷ ನೋಲೀನ್ ಆಗಿದ್ದು ಸಮಾಧಾನ ಹೇಳಿದರೆ ಪುಣ್ಯವೇ ಬರುತ್ತಿತ್ತೇನೋ. ಹಾರ್ಷಮ್ ಬಿಟ್ಟಾಗಿನಿಂದ ಅದನ್ನೇ ಮಾಡಿಕೊಂಡು ಬಂದದ್ದಲ್ಲವೇ? ಆದರೆ ಗಂಡನನ್ನು ಕಳೆದುಕೊಂಡವಳ ಹತ್ತಿರ ಅವಳಿಗೆ ಸುಳ್ಳು ಬರಲಿಲ್ಲ.

“ವಿನ್, ನಾನು ನೋಲೀನ್ ಅಲ್ಲಮ್ಮ,” ಅಂದಳು. “ನೋಲೀನ್ ತೀರಿಕೊಂಡ್ಲು. ಎರಡು ವರ್ಷ ಆಯ್ತು. ನಾನು ಗ್ಲೆನಿಸ್. ರಾಸ್‌ನ ಹೆಂಡತಿ.”

ರೇಡಿಯೋ ಬರೀ ಗೊರಗೊರ ಅಂದಿತು.

“ಅಯ್ಯೋ,” ಅಂದಳು ವಿನ್ ಕೊನೆಗೆ. “ಅಯ್ಯೋ, ಅವಳೂನಾ.” ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. “ನಿಂಗೂ ಮುಂಚೆ ಗಂಡ ಇದ್ನಾ?”

“ಇದ್ದ. ಆರ್ಚಿ ಅಂತ.”

“ಕಡಿಮೆ ಆಗುತ್ತಾ ಗ್ಲೆನಿಸ್?”

“ಇಲ್ಲ. ಅಭ್ಯಾಸ ಆಗುತ್ತೆ.”

“ನಂಗೆ ಈ ಗಾಡಿ ಹಿಂದಕ್ಕೆ ತಗೊಳ್ಳೋಕೇ ಬರಲ್ಲ ಕಣೇ. ಅವನು ಓಡಿಸ್ತಿದ್ದ, ನಾನು ಕೈ ತೋರಿಸ್ತಿದ್ದೆ. ಈಗ ಯಾರಿಗೆ ತೋರಿಸ್ಲಿ?”

“ನಂಗೆ ಕೈ ತೋರಿಸೋಕೂ ಬರಲ್ಲ,” ಅಂದಳು ಗ್ಲೆನಿಸ್. “ತಂಗುದಾಣದಲ್ಲಿ ಈ ಕಡೆಯಿಂದ ಹೋಗಿ ಆ ಕಡೆಯಿಂದ ಹೊರಗೆ ಬರೋ ಜಾಗ ಕೇಳು. ನಾಚ್ಕೋಬೇಡ. ಕೇಳು.”

ವಿನ್ ನಕ್ಕಳೋ ಅತ್ತಳೋ ತಿಳಿಯಲಿಲ್ಲ. “ಸಿಗ್ತೀನಿ ಗ್ಲೆನಿಸ್” ಎಂದದ್ದು ಅರ್ಧ ಕೇಳಿಸಿ, ದನಿ ಅಳಿಸಿಹೋಯಿತು.

ಗ್ಲೆನಿಸ್ ತಿರುಗಿದಾಗ ರಾಸ್ ಬಾಗಿಲ ಬಳಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಅವಳನ್ನ ಸಾಯಿಸು ಅಂತ ನಿಂಗ್ಯಾರು ಹೇಳಿದ್ರು?” ಅಂದ.

“ಅವಳು ಸತ್ತಾಗಿದೆ ರಾಸ್. ದಿನಾ ಸಾಯ್ತಿರೋಳು ನಾನು.”

ಇಷ್ಟು ದಿನ ನುಂಗಿಕೊಂಡದ್ದು ಒಂದೇ ಮಾತಿನಲ್ಲಿ ಹೊರಗೆ ಬಂದಿತ್ತು. ರಾಸ್ ಕಾರು ಹತ್ತಿ ಹೊರಟ. ಬಯಲು ಮುಗಿದು ಒಂದೊಂದೇ ಮರ ಕಾಣಿಸತೊಡಗಿದಾಗ, ಅವನು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಮಾತಾಡಿದ.

“ಊರಲ್ಲಿ ಎಲ್ರಿಗೂ ಗೊತ್ತು. ಅಂಗಡಿಗೆ ಹೋದ್ರೂ ಪಾಪ ಅನ್ನೋ ಮುಖ ಮಾಡ್ತಾರೆ. ಈ ರಸ್ತೇಲಿ ಯಾರಿಗೂ ಗೊತ್ತಿರ್ಲಿಲ್ಲ. ಇಲ್ಲಿ ಅವಳು ಸತ್ತಿರ್ಲಿಲ್ಲ ಗ್ಲೆನ್. ಯಾರಾದ್ರೂ ಕೇಳಿದ್ರೆ ಚೆನ್ನಾಗಿದಾಳೆ ಅನ್ನಬಹುದಿತ್ತು. ಅಷ್ಟೇ. ಆ ಒಂದು ಮಾತು ಬಾಯಲ್ಲಿ ಬರ್ತಿತ್ತಲ್ಲ, ಅಷ್ಟಕ್ಕೇ.”

ಗ್ಲೆನಿಸ್‌ಗೆ ಅವನ ಮೇಲೆ ಮರುಕ ಬಂತು. ಸಿಟ್ಟೂ ಹೋಗಲಿಲ್ಲ. ಹೆಂಡತಿ ಸತ್ತವನ ದುಃಖ ಅವಳಿಗೆ ಅರ್ಥವಾಗುತ್ತಿತ್ತು, ಆ ದುಃಖದ ಜೊತೆ ಮದುವೆಯಾಗುವುದು ಹೇಗೆಂದು ಅರ್ಥವಾಗುತ್ತಿರಲಿಲ್ಲ. ಅವನ ಕೈ ಹಿಡಿಯಬೇಕೆನ್ನಿಸಿತು. ಅವನು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದ. ರಸ್ತೆ ಪಕ್ಕದ ಹಸಿರು ಫಲಕ ನಾರ್ಸ್‌ಮನ್ ಹತ್ತಿರವಾಯಿತೆಂದು ಹೇಳಿತು. ಅವಳು ಕಾಲ ಬಳಿಯ ಚೀಲದ ಹಿಡಿ ಸರಿಮಾಡಿಕೊಂಡಳು.

ಆಗ ಹಿಂದಿನಿಂದ ಒಂದು ಉತ್ಸಾಹದ ದನಿ ಬಂತು. “ರಾಸ್! ನೋಲೀನ್! ಚಾನೆಲ್ ಹದಿನೆಂಟು! ಹೇಗಿದೀರಪ್ಪಾ ಗಂಡಹೆಂಡ್ತಿ? ಎಲ್ಲಿಗೆ ಹೊರಟ್ರಿ?”

ರಾಸ್ ಮೈಕು ತೆಗೆದುಕೊಂಡ. ಗುಂಡಿ ಒತ್ತಿದ. ಮಾತು ಬರಲಿಲ್ಲ, ಉಸಿರು ಮಾತ್ರ ಹೋಯಿತು. ಬಿಟ್ಟ. ಹಿಂದಿನವನು “ಹಲೋ? ಇದೀರಾ?” ಅಂದ. ರಾಸ್ ಮತ್ತೆ ಒತ್ತಿದ.

“ಒಂದ್ನಿಮಿಷ ಇರಪ್ಪ,” ಅಂದ. “ಗ್ಲೆನಿಸ್ ಹೇಳ್ತಾಳೆ.”

ಮೈಕನ್ನು ಅವಳ ಕಡೆ ಚಾಚಿದ. “ನನ್ನ ಕೈಲಾಗಲ್ಲ. ನೀನೇ ಹೇಳು,” ಎಂದು ಮೆಲ್ಲಗೆ ಅಂದ.

ಅವಳು ಬೇಡಿಕೊಂಡದ್ದು ಇಷ್ಟೇ, ಸಿಕ್ಕಿತು. ತನ್ನ ಹೆಸರು ಅವನ ಬಾಯಿಂದ ಗಾಳಿಯಲ್ಲಿ ಹೋಗಿತ್ತು, ಹಿಂದಿನವನೂ ಕೇಳಿದ್ದ. ಜೊತೆಗೆ ತನಗೆ ಸಿಕ್ಕ ಜಾಗ ಯಾವುದೆಂಬುದೂ ಅವಳಿಗೆ ಗೊತ್ತಾಯಿತು. ಇನ್ನು ಈ ದೇಶವನ್ನು ಸುತ್ತಿ ಬರುವವರೆಗೆ, ಗಾಡಿಯ ಬೆನ್ನು ಓದಿದ ಪ್ರತಿಯೊಬ್ಬರಿಗೂ ಅವಳೇ ಹೇಳಬೇಕು. ಅವನು ಪ್ರತಿ ಸಲವೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾನೆ. ಮೈಕು ಅವನ ಅಂಗೈಯ ಬೆವರಿಗೆ ಒದ್ದೆಯಾಗಿತ್ತು.

ಗ್ಲೆನಿಸ್ ಗುಂಡಿ ಒತ್ತಿದಳು.

“ನೋಲೀನ್ ತೀರಿಕೊಂಡ್ಲಪ್ಪ,” ಅಂದಳು. “ನಾನು ಗ್ಲೆನಿಸ್. ನಾವಿಬ್ರೂ ಎಸ್ಪೆರಾನ್ಸ್‌ಗೆ ಹೊರಟಿದೀವಿ.”