ತಾರಸಿಯಿಂದ ಕಂಡ ತಿರುವು

ಬೇಸಿಗೆ ಇನ್ನೇನು ಮುಗಿಯಬೇಕು, ಕುದುರೆಗಳನ್ನು ಓಡಿಸಿ ತಂದು ಮೈ ತೊಳೆಯುವ ಬೆಳಗಿನ ಹೊತ್ತು. ಯಜಮಾನರು ಲಾಯಕ್ಕೆ ಬಂದು, ಸಿಡುಕಿಯನ್ನು ಮಾರುತ್ತೇನೆ, ಸೋಮವಾರ ಲಾರಿ ಬರುತ್ತದೆ ಎಂದರು. ಸಿಡುಕಿ ನಾನು ಮರಿಯಿಂದ ಸಾಕಿದ ಹೆಣ್ಣು ಕುದುರೆ. ರೇಸಿನಲ್ಲಿ ಒಮ್ಮೆ ಗೆದ್ದಿತ್ತು, ಆಮೇಲೆ ಮೂರು ಓಟದಲ್ಲೂ ಹಿಂದೆ ಬಿದ್ದಿತ್ತು. ಅದನ್ನು ಪಳಗಿಸುವ ಭಾವ ತಲೆ ತಗ್ಗಿಸಿದರು.

ಲಾಯದ ಮೇಲಿನ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಅಕ್ಕ ಇಳಿದು ಬಂದಳು. ಅಲ್ಲಿಂದ ರೇಸಿನ ಮೈದಾನದ ಕೊನೆಯ ತಿರುವು ಮಾತ್ರ ಕಾಣುತ್ತದೆ; ಗೆಲುವಿನ ಗೆರೆ ಕಟ್ಟಡದ ಮರೆಗೆ.

"ಮೂರು ಸಲಾನೂ ತಿರುವಲ್ಲಿ ಇದೇ ಮುಂದಿತ್ತು. ಗೆದ್ದೇಬಿಡ್ತು ಅಂತ ನಾನು ಕಾಫಿಗೆ ನೀರಿಟ್ಟರೆ, ಇವರು ಮುಖ ಜೋಲುಹಾಕಿಕೊಂಡು ಬರೋರು," ಎಂದಳು.

ಗೆದ್ದ ಹುರುಪಿನಲ್ಲಿ ಭಾವ ಅದನ್ನು ಒಂದಕ್ಕಿಂತ ಒಂದು ಉದ್ದದ ಓಟಕ್ಕೆ ಬಿಟ್ಟಿದ್ದರು. ತಿರುವಿಗೆ ಬರುವಷ್ಟರಲ್ಲೇ ಅದು ಮೊದಲು ಗೆದ್ದ ಓಟದಷ್ಟು ದೂರ ಓಡಿರುತ್ತಿತ್ತು. ದಮ್ಮು ಕಟ್ಟುತ್ತಿದ್ದದ್ದು ಆಮೇಲೆ. ನಾವೆಲ್ಲ ನೋಡಿದ್ದು ಕೊನೆಯನ್ನಷ್ಟೇ.

"ಕುದುರೆ ಕಾಲು ಕುಂದಿಲ್ಲ ರೀ, ನಿಮ್ಮ ಆಸೆ ಉದ್ದ ಆಯ್ತು," ಎಂದಳು ಅಕ್ಕ.

ಭಾವ ಕಿವಿ ಕೆರೆದುಕೊಂಡರು. ಸೋತ ಕುದುರೆಯ ಬೆನ್ನಿಗೆ ಹೊರಿಸುವ ತೂಕವನ್ನು ಓಟ ನಡೆಸುವವರು ಇಳಿಸುತ್ತಾರೆ, ಶನಿವಾರ ಗಿಡ್ಡ ಓಟವಿದೆ, ಒಂದು ಕೈ ನೋಡೋಣ ಎಂದು ಯಜಮಾನರನ್ನು ಕಾಡಿ ಬೇಡಿದರು. ಗೆದ್ದರೆ ಇಟ್ಟುಕೊಳ್ಳುತ್ತೇನೆ, ಸೋತರೆ ಲಾರಿ ಎಂದರು ಅವರು.

ಶನಿವಾರ ಬೇಲಿ ಹಿಡಿದು ನಿಂತೆ. ಗೇಟು ತೆರೆಯಿತು. ಗಿಡ್ಡ ಓಟದ ಕುದುರೆಗಳೆಂದರೆ ಮೊದಲ ಹೆಜ್ಜೆಯಿಂದಲೇ ಬಿಟ್ಟ ಬಾಣ. ತಿರುವಿನಲ್ಲಿ ಸಿಡುಕಿ ಮೂರನೆಯದು. ನೇರ ದಾರಿ ಸಿಕ್ಕಿದ್ದೇ ಜಾಕಿ ಲಗಾಮು ಸಡಿಲ ಬಿಟ್ಟ. ಸಿಡುಕಿ ಕಿವಿ ಹಿಂದಕ್ಕೆ ಮಡಚಿತು. ಯಾರನ್ನಾದರೂ ಕಚ್ಚುವ ಮುಂಚೆ ಮಡಚುತ್ತಿದ್ದ ಹಾಗೇ. ಒಂದನ್ನು ದಾಟಿತು. ಇನ್ನೊಂದರ ಪಕ್ಕಕ್ಕೆ ಬಂತು. ಇಡೀ ಮೈದಾನ ಎದ್ದು ನಿಂತಿತು, ಭಾವ ನನ್ನ ಹೆಗಲನ್ನು ಗುದ್ದುತ್ತಲೇ ಇದ್ದರು. ಗೆರೆ ದಾಟುವಾಗ ಸಿಡುಕಿಯ ಕತ್ತು ಮುಂದಿತ್ತು.

ಏದುಸಿರು ಬಿಡುತ್ತಾ ಲಾಯಕ್ಕೆ ಓಡಿದೆ. ಅಕ್ಕ ತಾರಸಿಯ ಮೆಟ್ಟಿಲ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಗೆದ್ದಿತು ಎಂದೆ.

"ಸಮಾಧಾನಕ್ಕೆ ಸುಳ್ಳು ಹೇಳಬೇಡ ಕಣೋ. ಮೂರನೇದಾಗಿ ಹೋಗಿದ್ದು ನಾನೇ ಕಣ್ಣಾರೆ ನೋಡಿದೀನಿ."

ಯಜಮಾನರೇ ಬಂದು ಹೇಳಿದ ಮೇಲೆ ನಂಬಿ, ಒಲೆ ಹಚ್ಚಿದಳು.

ಲಾರಿ ಬೇಡವೆಂದು ಹೇಳಿಕಳಿಸುವುದು ಆ ಸಂಭ್ರಮದಲ್ಲಿ ಯಾರಿಗೂ ನೆನಪಾಗಲಿಲ್ಲ. ಬಂದ ಡ್ರೈವರು ಸಿಡುಕಿಯ ಮೂಗು ಸವರಲು ಹೋದ. ಹರಿದ ತೋಳಿನ ಅಂಗಿಯಲ್ಲಿ, ನಮ್ಮನ್ನೆಲ್ಲ ಬೈದುಕೊಳ್ಳುತ್ತ, ಸೋಮವಾರ ಅವನೊಬ್ಬನೇ ಹೋದ.